ಕಾಗದದ ಶಿಲ್ಪಿ ತ್ಸಾಯ್ ಲುನ್

ಆಡಿದ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಬರೆದ ಮಾತು ಉಳಿಯುತ್ತದೆ. ಆದರೆ ಬರೆದುದು ಉಳಿಯಬೇಕಾದರೆ ಅದಕ್ಕೊಂದು ಆಧಾರ ಬೇಕು. ಆ ಆಧಾರವನ್ನು ಒಂದೊಂದು ನಾಡಿನ ಜನರೂ ತಮ್ಮ ಸುತ್ತಮುತ್ತ ದೊರೆತ ವಸ್ತುಗಳಲ್ಲಿಯೇ ಅರಸಿಕೊಂಡರು. ಮೆಸೊಪೊಟೇಮಿಯದವರು ಹಸಿಯಾದ ಜೇಡಿಮಣ್ಣಿನ ಹಲಗೆಗಳ ಮೇಲೆ ಅಕ್ಷರಗಳನ್ನು ಒತ್ತಿದರು. ಈಜಿಪ್ಟಿನವರು ನೈಲ್ ನದಿಯ ಬದಿಯಲ್ಲಿ ಬೆಳೆಯುವ ಪಪೈರಸ್ ಎಂಬ ಜೊಂಡಿನ ತಿರುಳನ್ನು ಸೀಳಿ ಹಾಳೆ ಮಾಡಿಕೊಂಡರು. ಯುರೋಪಿನವರು ಕುರಿ ಕರುಗಳ ಚರ್ಮವನ್ನು ಹದಮಾಡಿ ಬರೆದರು. ನಮ್ಮ ದೇಶದ ಉತ್ತರಭಾಗದಲ್ಲಿ ಭೂರ್ಜವೃಕ್ಷದ ತೊಗಟೆಯೂ ದಕ್ಷಿಣದಲ್ಲಿ ತಾಳೆಯ ಗರಿಯೂ ಗ್ರಂಥಗಳಾದುವು. ಕನ್ನಡದ ಪ್ರಾಚೀನ ಕಾವ್ಯಗಳು ನಮಗೆ ದೊರೆತಿರುವುದು ಬಹುಮಟ್ಟಿಗೆ ಓಲೆಗರಿಗಳಿಂದಲೇ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಸಿದ್ಧಪಡಿಸುತ್ತಿದ್ದ ಕಡತಗಳಲ್ಲಿ ನಮ್ಮ ಹಿಂದಿನವರು ಲೆಕ್ಕಪತ್ರಗಳನ್ನು ಇಡುತ್ತಿದ್ದರು. ಇಂದು ಓಲೆಗರಿಯೂ ಇಲ್ಲ, ಬಟ್ಟೆಯ ಕಡತವೂ ಇಲ್ಲ. ಆದರೂ ಪತ್ರವನ್ನು ಓಲೆಯೆಂದೂ ಕಚೇರಿಯ ಕಾಗದದ ಕಟ್ಟನ್ನು ಕಡತವೆಂದೂ ಕರೆಯುವ ರೂಢಿ ಉಳಿದುಕೊಂಡಿದೆ.

ಈ ಎಲ್ಲ ವಸ್ತುಗಳನ್ನೂ ಹಿಂದಕ್ಕೆ ಸರಿಸಿ ಜಗತ್ತಿನ ತುಂಬ ಹರಡಿದ ವಸ್ತು ಕಾಗದ. ಅದನ್ನು ಸುಲಭವಾಗಿ, ಅಗ್ಗವಾಗಿ, ಬರೆಯಲು ಯೋಗ್ಯವಾಗುವಂತೆ ತಯಾರಿಸುವ ದಾರಿಯನ್ನು ತೋರಿಸಿಕೊಟ್ಟವನೆಂದು ಚೀನೀಯರು ಇಂದಿಗೂ ನೆನೆಯುವ ಪುರುಷ ತ್ಸಾಯ್ ಲುನ್. ಆತನು ಪಂಡಿತನಲ್ಲ, ಕವಿಯಲ್ಲ, ಸೇನಾಪತಿಯಲ್ಲ. ಅರಮನೆಯ ಒಬ್ಬ ಸೇವಕ.

ತ್ಸಾಯ್ ಲುನ್ ಹುಟ್ಟಿದ್ದು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ, ದಕ್ಷಿಣ ಚೀನದ ಗ್ವೇಯಾಂಗ್ ಪ್ರಾಂತದಲ್ಲಿ. ಇಂದಿನ ಹೂನಾನ್ ಪ್ರಾಂತಕ್ಕೆ ಸೇರಿದ ಲೇಯಾಂಗ್ ಎಂಬ ಊರು ಆತನ ಹುಟ್ಟೂರೆಂದು ಪ್ರಸಿದ್ಧವಾಗಿದೆ. ಅದು ಹಾನ್ ವಂಶದ ಚಕ್ರವರ್ತಿಗಳು ಲೊಯಾಂಗ್ ನಗರದಿಂದ ಚೀನವನ್ನು ಆಳುತ್ತಿದ್ದ ಕಾಲ. ಸುಮಾರು ಕ್ರಿ. ಶ. 75ರ ವೇಳೆಗೆ ತ್ಸಾಯ್ ಲುನ್ ರಾಜಧಾನಿಗೆ ಬಂದು ಅರಮನೆಯ ಊಳಿಗಕ್ಕೆ ಸೇರಿದನು. ಆ ಕಾಲದ ಪದ್ಧತಿಯಂತೆ ಅಂತಃಪುರದ ಒಳಗೆ ಸೇವೆ ಮಾಡುವ ಪುರುಷರೆಲ್ಲರೂ ನಪುಂಸಕರಾಗಿರಬೇಕಾಗಿತ್ತು. ತ್ಸಾಯ್ ಲುನ್ ಅಂಥವರಲ್ಲಿ ಒಬ್ಬ. ಹೆಂಡತಿ ಮಕ್ಕಳೆಂಬ ಸಂಸಾರ ಅವರಿಗಿರಲಿಲ್ಲ. ಅರಮನೆಯ ಗೋಡೆಗಳೇ ಅವರ ಲೋಕ. ಒಡೆಯರ ಮೆಚ್ಚುಗೆಯೇ ಅವರ ಐಶ್ವರ್ಯ. ಒಡೆಯರು ಮುನಿದರೆ ಅವರಿಗೆ ಬೇರೆ ದಿಕ್ಕಿರಲಿಲ್ಲ.

ಇಂತಹ ಬದುಕಿನ ಅಪಾಯವೇನೆಂಬುದು ತ್ಸಾಯ್ ಲುನ್‌ನಿಗೆ ಯೌವನದಲ್ಲಿಯೇ ತಿಳಿಯಿತು. ಆಗ ಆಳುತ್ತಿದ್ದವನು ಜಾಂಗ್ ಚಕ್ರವರ್ತಿ. ಪಟ್ಟದ ರಾಣಿಯಾದ ದೌ ಎಂಬವಳಿಗೆ ಗಂಡುಮಕ್ಕಳಿರಲಿಲ್ಲ. ಸೊಂಗ್ ಎಂಬ ಇನ್ನೊಬ್ಬ ರಾಣಿಯ ಮಗನೇ ಯುವರಾಜನಾಗಿದ್ದನು. ಇದನ್ನು ಸಹಿಸದೆ ದೌ ರಾಣಿಯು ಸೊಂಗ್ ರಾಣಿಯ ಮೇಲೆ ಮಾಟ ಮಾಡಿಸಿದಳೆಂಬ ಅಪವಾದವನ್ನು ಹೊರಿಸಿದಳು. ಈ ಆರೋಪದ ವಿಚಾರಣೆಯಲ್ಲಿ ತ್ಸಾಯ್ ಲುನ್ ಪಾಲುಗೊಂಡನು. ಪಟ್ಟದ ರಾಣಿಯ ಇಂಗಿತವನ್ನು ಅರಿತು ಅದಕ್ಕೆ ತಕ್ಕಂತೆ ನಡೆದುಕೊಂಡನೆಂದು ಇತಿಹಾಸ ಹೇಳುತ್ತದೆ. ಕ್ರಿ. ಶ. 82ರಲ್ಲಿ ಸೊಂಗ್ ರಾಣಿಯು ವಿಷ ಸೇವಿಸಿ ಪ್ರಾಣ ಬಿಟ್ಟಳು. ಆಕೆಯ ಎಳೆಯ ಮಗ ಯುವರಾಜ ಪದವಿಯನ್ನು ಕಳೆದುಕೊಂಡನು. ಸಿಂಹಾಸನವು ದೌ ರಾಣಿ ಸಾಕಿಕೊಂಡಿದ್ದ ಬೇರೊಬ್ಬ ರಾಜಕುಮಾರನಿಗೆ ಮೀಸಲಾಯಿತು. ಅರಮನೆಯಲ್ಲಿ ಆ ವಿಷಯ ಅಲ್ಲಿಗೆ ಮುಗಿದಂತೆ ಕಂಡಿತು. ಆದರೆ ಅದು ಮುಗಿದಿರಲಿಲ್ಲ.

ಕ್ರಿ. ಶ. 88ರಲ್ಲಿ ಆ ರಾಜಕುಮಾರನು ಹೋ ಚಕ್ರವರ್ತಿಯೆಂಬ ಹೆಸರಿನಿಂದ ಪಟ್ಟಕ್ಕೆ ಬಂದನು. ತ್ಸಾಯ್ ಲುನ್ ಅರಮನೆಯ ಉನ್ನತ ಅಧಿಕಾರಿಗಳ ಸಾಲಿಗೆ ಏರಿದನು. ರಾಜ್ಯದ ಗುಟ್ಟಿನ ಸಮಾಲೋಚನೆಗಳಲ್ಲಿಯೂ ಆತನಿಗೆ ಸ್ಥಾನ ದೊರೆಯಿತು. ಆತನು ಪ್ರತಿಭಾವಂತ, ಶ್ರದ್ಧಾವಂತ ಮತ್ತು ಎಚ್ಚರಿಕೆಯುಳ್ಳವನೆಂದು ಚರಿತ್ರಕಾರರು ಬಣ್ಣಿಸುತ್ತಾರೆ. ಪ್ರಭುವಿನ ಮುಖ ಕಪ್ಪಿಡುವುದೆಂದು ತಿಳಿದಿದ್ದರೂ ಆತನ ತಪ್ಪನ್ನು ಎದುರಿಗೇ ತೋರಿಸಿಕೊಡಲು ಹಲವು ಸಲ ಹಿಂಜರಿಯಲಿಲ್ಲವಂತೆ. ಬಿಡುವಿನ ದಿನಗಳಲ್ಲಿ ಇತರ ಅಧಿಕಾರಿಗಳ ಮನೆಗಳಲ್ಲಿ ಔತಣಗಳೂ ಓಲೈಕೆಗಳೂ ನಡೆಯುತ್ತಿದ್ದರೆ, ತ್ಸಾಯ್ ಲುನ್ ತನ್ನ ಬಾಗಿಲನ್ನು ಮುಚ್ಚಿಕೊಂಡು ಅತಿಥಿಗಳನ್ನು ದೂರವಿರಿಸಿ, ಬಯಲಿಗೆ ಹೋಗಿ ಬಿಸಿಲು ಗಾಳಿಗೆ ಮೈಯೊಡ್ಡಿ ಕಾಲ ಕಳೆಯುತ್ತಿದ್ದನು. ಒಮ್ಮೆ ಒಡೆಯರ ಇಂಗಿತಕ್ಕೆ ತಲೆಬಾಗಿದವನು ಮುಂದೆ ಒಡೆಯನ ತಪ್ಪನ್ನು ಎತ್ತಿ ತೋರಿಸುವವನಾದದ್ದು ಆತನ ಬದುಕಿನ ಗಮನಾರ್ಹವಾದ ಸಂಗತಿ.

ಕೆಲಕಾಲದಲ್ಲಿಯೇ ಅರಮನೆಯ ಕಾರ್ಖಾನೆಗಳ ಮೇಲ್ವಿಚಾರಣೆಯೂ ತ್ಸಾಯ್ ಲುನ್‌ನ ಪಾಲಿಗೆ ಬಂದಿತು. ಕಮ್ಮಾರರು, ಬಡಗಿಗಳು ಮೊದಲಾದ ಕುಶಲಕರ್ಮಿಗಳು ಆತನ ಕೈಕೆಳಗೆ ದುಡಿಯುತ್ತಿದ್ದರು. ಕ್ರಿ. ಶ. 97ರಲ್ಲಿ ಆತನ ನೋಟದಲ್ಲಿ ತಯಾರಾದ ಖಡ್ಗಗಳೂ ಉಪಕರಣಗಳೂ ಎಷ್ಟು ಗಟ್ಟಿಯಾಗಿ, ಎಷ್ಟು ನಯವಾಗಿದ್ದುವೆಂದರೆ ಮುಂದಿನ ತಲೆಮಾರುಗಳು ಅವನ್ನೇ ಮಾದರಿಯಾಗಿ ಇಟ್ಟುಕೊಂಡುವು. ಕೈಕೆಲಸದವರ ನಡುವೆ ಕಳೆದ ಈ ವರ್ಷಗಳೇ ಆತನನ್ನು ತನ್ನ ಮಹತ್ತಾದ ಕಾರ್ಯಕ್ಕೆ ಸಿದ್ಧಗೊಳಿಸಿದುವು.

ಆ ಕಾಲದ ಚೀನದಲ್ಲಿ ಬರವಣಿಗೆಗೆ ಬಳಸುತ್ತಿದ್ದುದು ಮುಖ್ಯವಾಗಿ ಎರಡು ವಸ್ತುಗಳನ್ನು. ಒಂದು, ಬಿದಿರಿನ ಅಥವಾ ಮರದ ಸೀಳು. ಇನ್ನೊಂದು, ರೇಷ್ಮೆಯ ಬಟ್ಟೆ. ಬಿದಿರಿನ ಒಂದೊಂದು ಸೀಳಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದು ಸಾಲು ಬರೆದು, ಅಂಥ ಸೀಳುಗಳನ್ನು ದಾರದಿಂದ ಹೆಣೆದು, ಚಾಪೆಯಂತೆ ಸುತ್ತಿಡುತ್ತಿದ್ದರು. ಒಂದು ಗ್ರಂಥವೆಂದರೆ ಒಂದು ಹೊರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚೀನವನ್ನೆಲ್ಲ ಒಂದುಗೂಡಿಸಿದ ಚಿನ್ ಚಕ್ರವರ್ತಿಯು ದಿನವೂ ಸುಮಾರು 30 ಕಿಲೋಗ್ರಾಂ ತೂಕದ ಕಾರ್ಯಪತ್ರಗಳನ್ನು ತೂಗಿಸಿಕೊಂಡು, ಅವನ್ನು ನೋಡಿ ಮುಗಿಸುವವರೆಗೂ ವಿಶ್ರಮಿಸುತ್ತಿರಲಿಲ್ಲವಂತೆ. ಮುಂದೆ ಹಾನ್ ವಂಶದ ವೂ ಚಕ್ರವರ್ತಿಯ ಕಾಲದಲ್ಲಿ ಒಬ್ಬ ಪಂಡಿತನು 3,000 ಸೀಳುಗಳಷ್ಟು ದೊಡ್ಡದಾದ ಬಿನ್ನಹವನ್ನು ಬರೆದು ತಂದನೆಂದೂ ಅದನ್ನು ಇಬ್ಬರು ಆಳುಗಳು ಹೊರಬೇಕಾಯಿತೆಂದೂ ಚಕ್ರವರ್ತಿ ಅದನ್ನು ಓದಲು ಎರಡು ತಿಂಗಳು ಹಿಡಿಯಿತೆಂದೂ ಕಥೆಯಿದೆ. ರೇಷ್ಮೆಯೇನೋ ಹಗುರ. ಆದರೆ ಅದರ ಬೆಲೆ ಶ್ರೀಮಂತರಿಗೆ ಮಾತ್ರ ಎಟುಕುವಂಥದು. ಬಿದಿರು ಭಾರ, ರೇಷ್ಮೆ ದುಬಾರಿ. ಆದ್ದರಿಂದ ವಿದ್ಯೆಯೆಂಬುದು ಗ್ರಂಥಗಳನ್ನು ಹೊರಿಸಬಲ್ಲವರ ಮತ್ತು ರೇಷ್ಮೆಯನ್ನು ಕೊಳ್ಳಬಲ್ಲವರ ಸೊತ್ತಾಗಿ ಉಳಿದಿತ್ತು.

ತ್ಸಾಯ್ ಲುನ್‌ಗಿಂತ ಮೊದಲು ಚೀನದಲ್ಲಿ ಕಾಗದವೇ ಇರಲಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ಖನನಗಳು ಈ ನಂಬಿಕೆಯನ್ನು ತಿದ್ದಿದುವು. 1986ರಲ್ಲಿ ವಾಯವ್ಯ ಚೀನದ ಗಾನ್ಸು ಪ್ರಾಂತದ ಫಾಂಗ್‌ಮಾತಾನ್ ಎಂಬಲ್ಲಿ ಒಂದು ಹಳೆಯ ಸಮಾಧಿಯನ್ನು ಅಗೆದಾಗ, ಭೂಪಟದ ಗೆರೆಗಳಿದ್ದ ಕಾಗದದ ಚೂರೊಂದು ಸಿಕ್ಕಿತು. ಅದು ಕ್ರಿಸ್ತಪೂರ್ವ ಎರಡನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಎಂದರೆ, ಸೆಣಬಿನಂಥ ನಾರಿನಿಂದ ಮಾಡಿದ ಒರಟಾದ ಕಾಗದವನ್ನು ಚೀನೀಯರು ತ್ಸಾಯ್ ಲುನ್‌ಗಿಂತ ಇನ್ನೂರು ವರ್ಷಗಳಿಗೂ ಹಿಂದೆಯೇ ಬಲ್ಲವರಾಗಿದ್ದರು. ಆದರೆ ಅದು ಬರವಣಿಗೆಯ ಮುಖ್ಯ ಸಾಧನವಾಗಿರಲಿಲ್ಲ. ಬಿದಿರಿನ ಸೀಳುಗಳು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟಿರಲಿಲ್ಲ. ಇದ್ದುದನ್ನು ಕಂಡು, ಅದರ ಕೊರತೆಯನ್ನು ಅರಿತು, ಅದನ್ನು ಉತ್ತಮಗೊಳಿಸಿದುದೇ ತ್ಸಾಯ್ ಲುನ್‌ನ ಹಿರಿಮೆ.

ಈ ಕಾರ್ಯಕ್ಕೆ ಅನುಕೂಲವಾದ ಇನ್ನೊಂದು ಸಂಗತಿಯೂ ಒದಗಿತು. ಕ್ರಿ. ಶ. 102ರಲ್ಲಿ ದೆಂಗ್ ಎಂಬ ತರುಣಿಯು ಹೋ ಚಕ್ರವರ್ತಿಯ ಪಟ್ಟದ ರಾಣಿಯಾದಳು. ಆಕೆ ವಿದ್ಯಾವತಿ. ಅಲ್ಲಿಯವರೆಗೆ ಸಾಮಂತ ಪ್ರಾಂತಗಳವರು ಪೈಪೋಟಿಯಿಂದ ಅಪರೂಪದ ವಸ್ತುಗಳನ್ನು ಅರಮನೆಗೆ ಕಾಣಿಕೆಯಾಗಿ ತರುತ್ತಿದ್ದರು. ದೆಂಗ್ ರಾಣಿಯು ಅವನ್ನೆಲ್ಲ ನಿಲ್ಲಿಸಿ, ವರ್ಷವರ್ಷವೂ ಕಾಗದ ಮತ್ತು ಮಸಿಯನ್ನು ಒಪ್ಪಿಸಿದರೆ ಸಾಕೆಂದು ಆಜ್ಞಾಪಿಸಿದಳು. ಒಳ್ಳೆಯ ಕಾಗದದ ಬೆಲೆಯನ್ನು ಬಲ್ಲ ರಾಣಿ ಒಂದು ಕಡೆ. ಕುಶಲಕರ್ಮಿಗಳ ಒಡನಾಟವಿದ್ದ ಅಧಿಕಾರಿ ಇನ್ನೊಂದು ಕಡೆ. ಇಂತಹ ವಾತಾವರಣದಲ್ಲಿ ಕೆಲಸ ಮುಂದುವರಿಯಿತು.

ತ್ಸಾಯ್ ಲುನ್ ತನ್ನ ಕಾಗದಕ್ಕಾಗಿ ಆರಿಸಿಕೊಂಡ ವಸ್ತುಗಳು ನಾಲ್ಕು: ಮರದ ತೊಗಟೆ, ಸೆಣಬಿನ ತುಂಡುಗಳು, ಹಳೆಯ ಚಿಂದಿಬಟ್ಟೆ ಮತ್ತು ಹರಿದುಹೋದ ಮೀನಿನ ಬಲೆ. ಇವುಗಳಲ್ಲಿ ಒಂದಾದರೂ ಬೆಲೆಬಾಳುವ ವಸ್ತುವಲ್ಲ. ಮೂರು ವಸ್ತುಗಳಂತೂ ಜನರು ಬಳಸಿ ಬಿಸಾಡಿದ ಕಸ. ಆದರೆ ಈ ಎಲ್ಲದರಲ್ಲಿಯೂ ಅಡಗಿರುವ ಸಾರ ಒಂದೇ. ಅದು ಗಿಡಮರಗಳ ನಾರು. ಬಲೆಯಾಗಿ ಹೆಣೆದಿದ್ದರೂ ಬಟ್ಟೆಯಾಗಿ ನೇಯ್ದಿದ್ದರೂ ಮರದ ಮೈಗೆ ಅಂಟಿಕೊಂಡಿದ್ದರೂ ನಾರು ನಾರೇ. ಅದರಲ್ಲಿಯೂ ತೊಗಟೆಯ ಬಳಕೆ ಮುಖ್ಯವಾದ ಹೆಜ್ಜೆ. ಚಿಂದಿಯೂ ಬಲೆಯೂ ಜನರು ಉಪಯೋಗಿಸಿ ಬಿಟ್ಟಷ್ಟೇ ದೊರೆಯುತ್ತವೆ. ಮರದ ತೊಗಟೆಯಾದರೋ ಬೇಕಾದಷ್ಟು ಬೆಳೆಯುತ್ತದೆ. ಹಿಪ್ಪುನೇರಳೆಯ ಜಾತಿಗೆ ಸೇರಿದ ಒಂದು ಮರದ ಒಳತೊಗಟೆಯನ್ನು ಚೀನದ ಕಾಗದಗಾರರು ಮುಂದೆ ಶತಮಾನಗಳ ಕಾಲ ಬಳಸಿದರು. ಉದ್ದವಾದ, ಬಲವಾದ ಅದರ ನಾರಿನಿಂದ ತೆಳುವಾಗಿದ್ದರೂ ಸುಲಭವಾಗಿ ಹರಿಯದ ಹಾಳೆ ದೊರೆಯುತ್ತದೆ.

ಚೀನದಲ್ಲಿ ರೂಢಿಗೆ ಬಂದ ಕಾಗದ ತಯಾರಿಕೆಯ ಕ್ರಮ ಹೀಗಿದೆ. ಮೊದಲು ತೊಗಟೆ ಚಿಂದಿಗಳನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಬಳಿಕ ಬೂದಿಯ ಅಥವಾ ಸುಣ್ಣದ ನೀರಿನಲ್ಲಿ ಕುದಿಸುತ್ತಾರೆ. ಇದರಿಂದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಅಂಟುಪದಾರ್ಥ ಬಿಟ್ಟುಕೊಳ್ಳುತ್ತದೆ. ಅದನ್ನು ತೊಳೆದು ಒರಳಿನಲ್ಲಿ ಹಾಕಿ ಕುಟ್ಟುತ್ತಾರೆ. ಕುಟ್ಟಿದಷ್ಟೂ ನಾರು ಬಿಡಿಬಿಡಿಯಾಗಿ, ಅದರ ಮೈಯೆಲ್ಲ ಸೂಕ್ಷ್ಮವಾದ ಎಳೆಗಳೆದ್ದು ಮೆತ್ತಗಿನ ರೊಂಡಿಯಾಗುತ್ತದೆ. ಅದನ್ನು ದೊಡ್ಡ ತೊಟ್ಟಿಯ ನೀರಿನಲ್ಲಿ ಕದಡಿ, ಚೌಕಟ್ಟಿಗೆ ಬಿಗಿದ ಜಾಲರಿಯನ್ನು ಅದರೊಳಗೆ ಅದ್ದಿ ಸಮತಲವಾಗಿ ಮೇಲಕ್ಕೆತ್ತುತ್ತಾರೆ. ನೀರು ಸೋರಿಹೋಗಿ, ಜಾಲರಿಯ ಮೇಲೆ ನಾರಿನ ತೆಳುವಾದ ಪದರವೊಂದು ನಿಲ್ಲುತ್ತದೆ. ಅದನ್ನು ಒತ್ತಿ ಒಣಗಿಸಿದರೆ ಹಾಳೆ ಸಿದ್ಧ. ಇದರಲ್ಲಿ ವಿಸ್ಮಯವೆಂದರೆ, ಹಾಳೆ ಕೂಡಿ ನಿಲ್ಲಲು ಬೇರೆ ಅಂಟು ಬೇಕಾಗಿಲ್ಲ. ನಾರಿನಲ್ಲಿರುವ ಸೆಲ್ಯುಲೋಸ್ ಎಂಬ ಪದಾರ್ಥದ ಗುಣದಿಂದಾಗಿ, ನೀರು ಆರಿದಂತೆಲ್ಲ ನಾರುಗಳು ತಮ್ಮಷ್ಟಕ್ಕೆ ತಾವೇ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಚೆನ್ನಾಗಿ ಕುಟ್ಟಿದ ನಾರು ಗಟ್ಟಿಯಾದ, ನುಣುಪಾದ ಹಾಳೆಯಾಗುತ್ತದೆ. ಅರೆಬರೆಯಾಗಿ ಕುಟ್ಟಿದುದು ಒರಟಾಗಿ ಉಳಿದು ಮಸಿಯನ್ನು ಹೀರುತ್ತದೆ. ಈ ರಸಾಯನಶಾಸ್ತ್ರವನ್ನು ಅಂದಿನವರು ತಿಳಿದಿರಲಿಲ್ಲ. ಆದರೆ ಕೈಯ ಅನುಭವದಿಂದ ಅದರ ಫಲವನ್ನು ಕಂಡುಕೊಂಡಿದ್ದರು.

ಕ್ರಿ. ಶ. 105ರಲ್ಲಿ ತ್ಸಾಯ್ ಲುನ್ ತನ್ನ ಕಾಗದವನ್ನು ಚಕ್ರವರ್ತಿಗೆ ಒಪ್ಪಿಸಿದನು. ಚಕ್ರವರ್ತಿ ಆತನ ಸಾಮರ್ಥ್ಯವನ್ನು ಮೆಚ್ಚಿಕೊಂಡನು. ಅಂದಿನಿಂದ ಅದರ ಬಳಕೆ ಎಲ್ಲೆಡೆ ಹಬ್ಬಿತು. ಅರಮನೆಯ ಕಾರ್ಖಾನೆಯ ಗುಟ್ಟಾಗಿ ಉಳಿಯಬಹುದಾಗಿದ್ದ ವಿದ್ಯೆಯೊಂದು ನಾಡಿನ ವಿದ್ಯೆಯಾಯಿತು.

ಮರುವರ್ಷ ಹೋ ಚಕ್ರವರ್ತಿ ತೀರಿಕೊಂಡನು. ಪಟ್ಟಕ್ಕೆ ಬಂದ ಹಸುಗೂಸೂ ಕೆಲವು ತಿಂಗಳುಗಳಲ್ಲಿಯೇ ಮರಣ ಹೊಂದಿತು. ಆಗ ಆನ್ ಎಂಬ ಬಾಲಕನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ, ದೆಂಗ್ ರಾಣಿಯೇ ರಾಜ್ಯಭಾರವನ್ನು ನಡೆಸಿದಳು. ಆಕೆಯ ಆಳ್ವಿಕೆಯಲ್ಲಿ ತ್ಸಾಯ್ ಲುನ್‌ನ ಅಭ್ಯುದಯ ತುತ್ತತುದಿಯನ್ನು ಮುಟ್ಟಿತು. ದೀರ್ಘಕಾಲದ ಸೇವೆಯನ್ನು ಮನ್ನಿಸಿ ಕ್ರಿ. ಶ. 114ರಲ್ಲಿ ಆತನಿಗೆ ಲೊಂಗ್‌ತಿಂಗ್ ಎಂಬ ಸ್ಥಳದ ಪ್ರಭುಪದವಿಯನ್ನೂ 300 ಮನೆಗಳ ಕಂದಾಯದ ಉತ್ಪನ್ನವನ್ನೂ ಕೊಡಲಾಯಿತು. ಆತನ ಕಾಗದವನ್ನು ಜನರು ಪ್ರಭು ತ್ಸಾಯ್‌ನ ಕಾಗದವೆಂದೇ ಕರೆಯತೊಡಗಿದರು. 117ರಲ್ಲಿ ಪ್ರಾಚೀನ ಗ್ರಂಥಗಳ ಪಾಠಗಳು ಕೆಟ್ಟುಹೋಗಿರುವುದನ್ನು ಕಂಡು, ವಿದ್ವಾಂಸರನ್ನು ಅರಮನೆಯ ಗ್ರಂಥಾಲಯದಲ್ಲಿ ಸೇರಿಸಿ ಅವನ್ನು ಪರಿಷ್ಕರಿಸುವ ಏರ್ಪಾಡಾಯಿತು. ಅದರ ಮೇಲ್ವಿಚಾರಣೆಯನ್ನೂ ತ್ಸಾಯ್ ಲುನ್‌ಗೇ ವಹಿಸಲಾಯಿತು. ಅಕ್ಷರಗಳಿಗೆ ಆಸರೆಯನ್ನು ಕೊಟ್ಟವನು ಅಕ್ಷರಗಳ ಶುದ್ಧಿಯ ಹೊಣೆಯನ್ನೂ ಹೊತ್ತನು.

ಆದರೆ ಆನ್ ಎಂಬ ಆ ಬಾಲಕ ಯಾರು? ಕ್ರಿ. ಶ. 82ರಲ್ಲಿ ವಿಷ ಕುಡಿದು ಸತ್ತ ಸೊಂಗ್ ರಾಣಿಯ ಮೊಮ್ಮಗ. ಯುವರಾಜ ಪದವಿಯನ್ನು ಕಳೆದುಕೊಂಡ ಆ ರಾಜಪುತ್ರನ ಮಗ. ದೆಂಗ್ ರಾಣಿ ಬದುಕಿರುವವರೆಗೆ ಆತನು ಹೆಸರಿಗೆ ಮಾತ್ರ ಚಕ್ರವರ್ತಿಯಾಗಿದ್ದನು. ಕ್ರಿ. ಶ. 121ರಲ್ಲಿ ಆಕೆ ಕಾಲವಾದಳು. ಅಧಿಕಾರ ಆನ್ ಚಕ್ರವರ್ತಿಯ ಕೈಗೆ ಬಂದಿತು. ಮೂವತ್ತೊಂಬತ್ತು ವರ್ಷಗಳ ಹಿಂದಿನ ಅನ್ಯಾಯದ ವಿಚಾರ ಮತ್ತೆ ಮೇಲೆದ್ದಿತು. ತ್ಸಾಯ್ ಲುನ್ ನ್ಯಾಯಾಧಿಕಾರಿಯ ಮುಂದೆ ಹಾಜರಾಗಬೇಕೆಂದು ಅಪ್ಪಣೆಯಾಯಿತು.

ಬದುಕಿನ ಸಂಜೆಯಲ್ಲಿದ್ದ ತ್ಸಾಯ್ ಲುನ್‌ಗೆ ಆ ಅವಮಾನವನ್ನು ಎದುರಿಸುವುದು ಸಾಧ್ಯವಾಗಲಿಲ್ಲ. ಆತನು ಮಿಂದು, ಅಧಿಕಾರಿಯ ಉಡುಪನ್ನು ಧರಿಸಿ, ವಿಷ ಸೇವಿಸಿ ಜೀವನವನ್ನು ಮುಗಿಸಿಕೊಂಡನು. ಸೊಂಗ್ ರಾಣಿಯ ಬಾಳು ಹೇಗೆ ಮುಗಿದಿತ್ತೋ ಆತನ ಬಾಳೂ ಹಾಗೆಯೇ ಮುಗಿಯಿತು. ಆತನ ಪ್ರಭುಪದವಿಯನ್ನು ರದ್ದುಗೊಳಿಸಿದರು; ಉಂಬಳಿಯನ್ನು ಹಿಂದಕ್ಕೆ ಪಡೆದರು. ಆದರೆ ಪ್ರಭು ತ್ಸಾಯ್‌ನ ಕಾಗದವೆಂಬ ಹೆಸರನ್ನು ಜನರ ನಾಲಗೆಯಿಂದ ಕಿತ್ತುಕೊಳ್ಳಲು ಯಾವ ಚಕ್ರವರ್ತಿಗೂ ಆಗಲಿಲ್ಲ. ಐದನೆಯ ಶತಮಾನದಲ್ಲಿ ಫಾನ್ ಯೆ ಎಂಬ ಇತಿಹಾಸಕಾರನು ಆ ಕಾಲದ ಚರಿತ್ರೆಯನ್ನು ಬರೆದಾಗ ತ್ಸಾಯ್ ಲುನ್‌ನ ತಪ್ಪನ್ನು ಮುಚ್ಚಿಡಲಿಲ್ಲ. ಆತನ ಸಾಧನೆಯನ್ನೂ ಮರೆಯಲಿಲ್ಲ.

ತ್ಸಾಯ್ ಲುನ್‌ನ ಬಳಿಕ ಕಾಗದದ ಪಯಣ ದೀರ್ಘವಾದುದು. ಮುಂದಿನ ಕೆಲವು ಶತಮಾನಗಳಲ್ಲಿ ಚೀನದ ಬಿದಿರಿನ ಹೊತ್ತಗೆಗಳು ಮರೆಯಾದುವು. ಕಾಗದದ ವಿದ್ಯೆ ಪೂರ್ವದಲ್ಲಿ ಕೊರಿಯವನ್ನೂ ಜಪಾನನ್ನೂ ತಲಪಿತು. ಎಂಟನೆಯ ಶತಮಾನದಲ್ಲಿ ಮಧ್ಯ ಏಷ್ಯದ ಸಮರ್ಕಂದದಲ್ಲಿಯೂ ಬಾಗ್ದಾದಿನಲ್ಲಿಯೂ ಅದು ನೆಲೆಗೊಂಡಿತು. ಅರಬರ ಮೂಲಕ ಹನ್ನೆರಡನೆಯ ಶತಮಾನದ ಹೊತ್ತಿಗೆ ಸ್ಪೇನಿನಲ್ಲಿ ಕಾಗದ ತಯಾರಾಗುತ್ತಿತ್ತು. ಭಾರತದಲ್ಲಿ ಹದಿನೈದನೆಯ ಶತಮಾನದ ಕಾಶ್ಮೀರವು ಉತ್ತಮವಾದ ಕಾಗದಕ್ಕೆ ಹೆಸರಾಯಿತು. ಹೋದಲ್ಲೆಲ್ಲ ಅಲ್ಲಿಯ ಜನರು ಅದನ್ನು ಇನ್ನಷ್ಟು ಉತ್ತಮಪಡಿಸಿದರು. ಇಟಲಿಯ ಫ್ಯಾಬ್ರಿಯಾನೊ ಪಟ್ಟಣದವರು ಹರಿಯುವ ನೀರಿನ ಬಲದಿಂದ ಎದ್ದು ಬೀಳುವ ಸುತ್ತಿಗೆಗಳಿಂದ ಚಿಂದಿಯನ್ನು ಕುಟ್ಟಿಸಿದರು. ಮಸಿ ಹರಡದಂತೆ ಹಾಳೆಗೆ ಪ್ರಾಣಿಗಳ ಚರ್ಮದಿಂದ ತೆಗೆದ ವಜ್ರವನ್ನು ಸವರಿದರು. ಬೆಳಕಿಗೆ ಹಿಡಿದರೆ ಕಾಣುವ ನೀರ್ಗುರುತನ್ನು ಹಾಳೆಯೊಳಗೆ ಮೂಡಿಸಿದರು. ಫ್ರಾನ್ಸಿನ ನಿಕೊಲಾ ಲೂಯಿ ರೊಬೇರ್ ಎಂಬವನು ಉದ್ದನೆಯ ಕಾಗದವನ್ನು ಎಡೆಬಿಡದೆ ತಯಾರಿಸುವ ಯಂತ್ರವನ್ನು ರಚಿಸಿ 1799ರಲ್ಲಿ ಅದಕ್ಕೆ ಸರಕಾರದ ಹಕ್ಕುಪತ್ರವನ್ನು ಪಡೆದನು.

ಯಂತ್ರ ಬಂದ ಮೇಲೆ ಚಿಂದಿಗೆ ಕ್ಷಾಮವುಂಟಾಯಿತು. ಮರವನ್ನೇ ಕಾಗದವನ್ನಾಗಿ ಮಾಡಬಹುದೆಂಬ ಸೂಚನೆಯನ್ನು ಫ್ರಾನ್ಸಿನ ವಿಜ್ಞಾನಿ ರೇಒಮ್ಯೂರ್ 1719ರಲ್ಲಿಯೇ ಕೊಟ್ಟಿದ್ದನು. ಕಣಜದ ಹುಳು ಮರವನ್ನು ಕೆರೆದು ಅಗಿದು ಕಾಗದದಂಥ ಗೂಡನ್ನು ಕಟ್ಟುವುದನ್ನು ಆತನು ಗಮನಿಸಿದ್ದನು. 1840ರ ದಶಕದಲ್ಲಿ ಜರ್ಮನಿಯ ಕೆಲ್ಲರ್ ಎಂಬವನು ಮರವನ್ನು ಅರೆದು ರೊಂಡಿಮಾಡುವ ವಿಧಾನವನ್ನು ಕಂಡುಹಿಡಿದನು. ಇಂದಿನ ದೊಡ್ಡ ಕಾರ್ಖಾನೆಯಲ್ಲಿ ಮರವನ್ನು ಬೇಯಿಸುವುದು, ನಾರನ್ನು ಬಿಡಿಸುವುದು, ಜಾಲರಿಯ ಮೇಲೆ ಹರಡುವುದು, ಒತ್ತಿ ಒಣಗಿಸುವುದು ಎಲ್ಲವೂ ಯಂತ್ರದಿಂದಲೇ ನಡೆಯುತ್ತವೆ. ಆದರೂ ಕ್ರಮ ಮಾತ್ರ ತ್ಸಾಯ್ ಲುನ್‌ನ ಕಾಲದ ಹಾದಿಯದೇ. ಬಳಸಿ ಬಿಸಾಡಿದ ಕಾಗದವನ್ನು ಮತ್ತೆ ಅರೆದು ಹೊಸ ಹಾಳೆಯನ್ನಾಗಿ ಮಾಡುವ ಇಂದಿನ ಪ್ರಯತ್ನವಂತೂ ಚಿಂದಿಯಲ್ಲಿಯೂ ಹರಿದ ಬಲೆಯಲ್ಲಿಯೂ ಬೆಲೆಯನ್ನು ಕಂಡ ಆತನ ದೃಷ್ಟಿಗೆ ತೀರ ಹತ್ತಿರವಾದುದು.

ಚೀನದ ಶಾನ್‌ಷಿ ಪ್ರಾಂತದಲ್ಲಿ, ಆತನಿಗೆ ಉಂಬಳಿಯಾಗಿ ದೊರೆತಿದ್ದ ಲೊಂಗ್‌ತಿಂಗ್‌ನಲ್ಲಿ ತ್ಸಾಯ್ ಲುನ್‌ನ ಸಮಾಧಿಯಿದೆ. ಹುಟ್ಟೂರಾದ ಲೇಯಾಂಗ್‌ನಲ್ಲಿಯೂ ಆತನ ಸ್ಮಾರಕವಿದೆ. ಕಾಗದ ಮಾಡುವ ಕಸಬಿನವರು ಆತನನ್ನು ತಮ್ಮ ಕುಲದೇವತೆಯೆಂದು ಪೂಜಿಸುತ್ತ ಬಂದರು. ತ್ಸಾಯ್ ಲುನ್ ದೇವತೆಯಲ್ಲ; ತಪ್ಪನ್ನೂ ಮಾಡಿ, ಅದಕ್ಕೆ ಬೆಲೆಯನ್ನೂ ತೆತ್ತ ಮನುಷ್ಯ. ಅರಮನೆಯ ಒಳಸಂಚಿನಲ್ಲಿ ಆತನು ಮಾಡಿದ ಕೆಲಸ ಹಲವರ ಕಣ್ಣೀರಿಗೆ ಕಾರಣವಾಯಿತು. ಕಾರ್ಖಾನೆಯಲ್ಲಿ, ಕಮ್ಮಾರರ ಮತ್ತು ಕಾಗದಗಾರರ ನಡುವೆ ನಿಂತು ಆತನು ಮಾಡಿದ ಕೆಲಸವಾದರೋ ಬಡವನ ಮನೆಯ ಮಗುವಿನ ಕೈಗೂ ಪುಸ್ತಕವನ್ನು ತಂದುಕೊಟ್ಟಿತು. ಜಗತ್ತು ಆತನನ್ನು ಇಂದು ನೆನೆಯುತ್ತಿರುವುದು ಈ ಎರಡನೆಯ ಕೆಲಸಕ್ಕಾಗಿ.